ಹೋರಿ ನುಂಗಿದ ಸೈಕಲ್ಲು

ಆಳಂದದ ಬಸ್ ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ಕುಳಿತು, ವಿಡಿಯೋ ಗೇಮಿನ ರಾಕ್ಷಸ ಹೋರಿಯನ್ನು ಮೊದಲ ದಿನ ಎದುರಿಸಿದ್ದಕ್ಕೆ ನನಗೆ ತಗಲಿದ ಖರ್ಚು ಒಂದು ಸೈಕಲ್ಲು. ಹಿಂದೆ ಗಟ್ಟಿ ಕ್ಯಾರಿಯರ್, ಮುಂದೆ ಡೈನಮೋ ದೀಪ. ಗುಲ್ಬರ್ಗಾದಲ್ಲಿ ಅರ್ಧ ದಿನ ಚೌಕಾಸಿ ಮಾಡಿ, ಅಂಗಡಿಯವನು ಕೈಮುಗಿದು ಕೊಟ್ಟು ಕಳಿಸಿದ ಸೈಕಲ್ಲು ಅದು. ಆಟ ಬಾರದ್ದರಿಂದ ಅದು ಹೋಗಲಿಲ್ಲ. ಪಕ್ಕದಲ್ಲಿ ಕುಳಿತವನ ಕೈಯನ್ನು ನೋಡುವುದು ಮರ್ಯಾದೆಯಲ್ಲ ಎಂದು ನಂಬಿದ್ದರಿಂದ ಹೋಯಿತು.

ತೊಂಬತ್ತರ ದಶಕದ ಮಾತು. ನಾನು ಆಳಂದ, ಅಫಜಲಪುರ, ಜೇವರ್ಗಿಯ ದನದ ಸಂತೆಗಳಲ್ಲಿ ದಲ್ಲಾಳಿ. ಅಪ್ಪನ ಹೊಲವಿಲ್ಲ, ಮಾವನ ಅಂಗಡಿಯಿಲ್ಲ, ನಾಲಿಗೆ ಮತ್ತು ಸೈಕಲ್ಲು ಇವೆರಡೇ ಬಂಡವಾಳ. ಬೇರೆ ದಲ್ಲಾಳಿಗಳು ಸಂತೆಯ ದಿನ ಎತ್ತುಗಳನ್ನು ನೋಡುತ್ತಿದ್ದರು. ನಾನು ಹಿಂದಿನ ದಿನವೇ ಹಳ್ಳಿ ಹಳ್ಳಿ ತುಳಿದು ಕೊಟ್ಟಿಗೆಯಲ್ಲೇ ನೋಡಿ ಬರುತ್ತಿದ್ದೆ. ಅತನೂರಿನಲ್ಲಿ ಯಾರ ಎತ್ತು ಕುಂಟುತ್ತದೆ, ಸೊನ್ನದ ಕಡೆ ಯಾರು ಜೋಡಿ ಒಡೆದು ಮಾರಲು ಕುಳಿತಿದ್ದಾರೆ, ಭೂಸನೂರಿನ ಕಬ್ಬಿನ ಗಾಡಿಗೆ ಯಾರಿಗೆ ಗಟ್ಟಿ ಜೋಡಿ ಬೇಕು, ಇದೆಲ್ಲ ಸಂತೆ ಕೂಡುವ ಮೊದಲೇ ನನ್ನ ತಲೆಯಲ್ಲಿರುತ್ತಿತ್ತು. ದೂರದ ಸಂತೆಯಾದರೆ ಸೈಕಲ್ಲನ್ನು ಬಸ್ಸಿನ ಟಾಪಿಗೆ ಹಾಕಿ, ಅಲ್ಲಿ ಇಳಿಸಿಕೊಂಡು ತುಳಿಯುತ್ತಿದ್ದೆ. ಆ ಎರಡು ಗಾಲಿ ಇಲ್ಲದಿದ್ದರೆ ನಾನೂ ಹತ್ತರಲ್ಲಿ ಹನ್ನೊಂದನೆಯವನು.

ಚಹಾದಂಗಡಿ ನಡೆಸುತ್ತಿದ್ದವಳು ಒಬ್ಬ ವಿಧವೆ. ಸಂತೆಯ ಮಂದಿಗೆಲ್ಲ ಅಕ್ಕ. ಅವಳ ತಮ್ಮ ಸೊಲ್ಲಾಪುರದಿಂದ ಆಟದ ಡಬ್ಬಿ, ಒಂದು ಕ್ಯಾಸೆಟ್ಟು, ವೈರು ಹಚ್ಚಿದ ಎರಡು ರಿಮೋಟು ತಂದು, ಅಂಗಡಿಯ ಕಪ್ಪು ಬಿಳುಪು ಟಿವಿಗೆ ಜೋಡಿಸಿ ಕೊಟ್ಟಿದ್ದ. ಹುಡುಗರಿಗೆಂದು ತಂದದ್ದು. ಸಂತೆಯ ದಿನ ಮಾತ್ರ ಎತ್ತಿನ ದಲ್ಲಾಳಿಗಳೇ ಹುಡುಗರನ್ನು ಎಬ್ಬಿಸಿ ಕೂಡುತ್ತಿದ್ದರು.

ಆಟ ಇಷ್ಟೇ. ಬಂದೂಕು ಹಿಡಿದ ಇಬ್ಬರು ಆಳುಗಳು ಜೋಡಿಯಾಗಿ ಓಡಬೇಕು, ಎದುರು ಬಂದವರನ್ನು ಹೊಡೆಯಬೇಕು, ತಗ್ಗು ಹಾರಬೇಕು. ಒಬ್ಬೊಬ್ಬನಿಗೆ ಮೂರು ಜೀವ. ಕಡೆಗೆ ಬರುವವನು ದೊಡ್ಡವನು. ಅವನನ್ನು ಎಲ್ಲರೂ ಗೌಡ ಎನ್ನುತ್ತಿದ್ದರು. ಹಳ್ಳಿಯ ಜಗಳದಲ್ಲಿ ಆಳುಗಳೆಲ್ಲ ಬಡಿದಾಡಿ ಮುಗಿದ ಮೇಲೆ ಗೌಡ ಹೊರಗೆ ಬರುತ್ತಾನಲ್ಲ, ಹಾಗೆ.

ಆ ಗೌಡ ಒಂದು ಕಬ್ಬಿಣದ ಹೋರಿ. ಮೊದಲ ಸಲ ಪರದೆಗೆ ಬಂದಾಗ ಅದರ ಕೊಂಬೇ ಟಿವಿಯ ಅರ್ಧ ತುಂಬಿತು. ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದವರೂ ಬಟ್ಟಲು ಕೆಳಗಿಟ್ಟರು. ನನಗೆ ಹೆದರಿಕೆ ಆಗಲಿಲ್ಲ, ಆಸೆ ಆಯಿತು. ಎಂಥ ಹೆಗಲು, ಎಂಥ ಕಾಲು, ಇದನ್ನು ಸಂತೆಗೆ ತಂದರೆ ಎಷ್ಟು ಹೇಳಬಹುದು ಎಂದು ನೋಡುತ್ತ ಕುಳಿತೆ. ಅಷ್ಟರಲ್ಲಿ ಅದು ಮೂಗಿನಿಂದ ಬೆಂಕಿ ಉಗುಳಿತು, ಉಳಿದಿದ್ದ ಒಂದೇ ಜೀವವೂ ಹೋಗಿ ನನ್ನ ಆಳು ಬಿದ್ದ. ನೋಡುತ್ತ ನಿಂತವನನ್ನು ಗೌಡ ಬಿಡುವುದಿಲ್ಲ.

ಆಗ ಹಿಂದಿನಿಂದ ನಕ್ಕವನು ಜೇವರ್ಗಿಯ ದಲ್ಲಾಳಿ. ನನಗಿಂತ ಹದಿನೈದು ವರ್ಷ ದೊಡ್ಡವನು, ಎಲ್ಲರಂತೆ ನಾನೂ ಕಾಕಾ ಎನ್ನುತ್ತಿದ್ದೆ. ಹೋದ ತಿಂಗಳಷ್ಟೇ ಅಫಜಲಪುರದಲ್ಲಿ ಅವನ ಕೈಯಿಂದ ಒಂದು ಒಳ್ಳೆಯ ಜೋಡಿಯನ್ನು ನಾನು ತಪ್ಪಿಸಿದ್ದೆ. ಜೋಡಿಯಾಗಿ ಆಡೋಣ, ಯಾರ ಆಳು ಬಿದ್ದು ಮತ್ತೆ ಏಳುವುದಿಲ್ಲವೋ ಅವನು ಸೋತ ಎಂದ. ನಾನು ಗೆದ್ದರೆ ಜೇವರ್ಗಿ ಸಂತೆಯಲ್ಲಿ ಅವನು ಕೂಡುವ ಬೇವಿನ ನೆರಳು ನನಗೆ, ಅವನು ಗೆದ್ದರೆ ನನ್ನ ಸೈಕಲ್ಲು ಅವನಿಗೆ. ಆ ನೆರಳಿನಲ್ಲಿ ಕುಳಿತ ದಲ್ಲಾಳಿಯನ್ನು ಗಿರಾಕಿ ತಾನಾಗಿ ಹುಡುಕಿಕೊಂಡು ಬರುತ್ತಿದ್ದ. ಒಪ್ಪಿದೆ.

ಕುಳಿತ ಕೂಡಲೇ ಕಾಕಾ ಹೆಗಲ ಟವೆಲ್ಲು ತೆಗೆದು ಇಬ್ಬರ ಕೈಗಳ ಮೇಲೆ ಹಾಸಿದ.

ದನದ ಸಂತೆ ಕಾಣದವರಿಗೆ ಇದನ್ನು ಹೇಳಬೇಕು. ನಮ್ಮಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಇಬ್ಬರೂ ಕೈ ಹಿಡಿದು, ಮೇಲೆ ಟವೆಲ್ಲು ಮುಚ್ಚಿ, ಬೆರಳು ಒತ್ತಿ ಹೇಳುತ್ತಾರೆ. ಒಳಗೆ ಏನಾಯಿತು ಎಂಬುದು ಆ ಇಬ್ಬರಿಗೆ ಬಿಟ್ಟರೆ ದೇವರಿಗೆ ಗೊತ್ತು. ಬೇರೆ ಯಾರೂ ಟವೆಲ್ಲು ಎತ್ತುವುದಿಲ್ಲ, ಇಣುಕುವುದಿಲ್ಲ, ಆಮೇಲೆ ಕೇಳುವುದೂ ಇಲ್ಲ. ಎತ್ತಿದವನನ್ನು ಮರುದಿನದಿಂದ ಯಾವ ಸಂತೆಯಲ್ಲೂ ಯಾರೂ ಮಾತಾಡಿಸುವುದಿಲ್ಲ. ಹೀಗಾಗಿ ಕಾಕಾ ಟವೆಲ್ಲು ಹಾಸಿದಾಗ ನನಗೆ ಗೌರವವೇ ಅನ್ನಿಸಿತು. ಆಟವನ್ನೂ ವ್ಯವಹಾರದ ತೂಕಕ್ಕೆ ತಂದನಲ್ಲ ಎಂದುಕೊಂಡೆ.

ಆಡಿದೆವು. ಅವನ ಆಳು ಹುಚ್ಚನಂತೆ ಓಡುತ್ತಿದ್ದ, ಬೀಳುತ್ತಿದ್ದ, ಏಳುತ್ತಿದ್ದ. ನಾನು ತಗ್ಗು ನೋಡಿ ಹಾರುತ್ತಿದ್ದೆ. ಹೋರಿ ಬಂದಾಗ ನನ್ನವನು ಇನ್ನೂ ಒಮ್ಮೆಯೂ ಬಿದ್ದಿರಲಿಲ್ಲ. ಬೆಂಕಿ ಬಂತು, ಬಿದ್ದ. ಏಳುತ್ತಾನೆ ಎಂದು ಕಾದೆ. ಏಳಲಿಲ್ಲ. ಇನ್ನೆರಡು ಜೀವ ಇರಬೇಕಲ್ಲ ಎಂದು ಕೇಳಿದ್ದಕ್ಕೆ ಕಾಕಾ ಕಣ್ಣು ಟಿವಿಯಿಂದ ತೆಗೆಯದೆ ಹೇಳಿದ:

"ಗೌಡನ ಬೆಂಕಿ ಅಂದ್ರ ಹಂಗೇ ತಮ್ಮಾ. ಮೂರೂ ಒಮ್ಮೆಗೇ ಒಯ್ತದ."

ನಂಬಿದೆ. ಸೈಕಲ್ಲಿನ ಕೀಲಿ ಕೊಟ್ಟೆ.

ಮುಂದಿನ ಸಂತೆಗಳಿಗೆ ಬಸ್ಸಿನಲ್ಲೇ ಹೋಗಬೇಕಾಯಿತು. ನಾನು ಬಸ್ಸಿಳಿದು ಓಡಿ ಹೋಗುವಷ್ಟರಲ್ಲಿ ಒಳ್ಳೆಯ ಜೋಡಿಗಳು ಕೈ ಬದಲಾಗಿರುತ್ತಿದ್ದವು. ಹಿಂದಿನ ದಿನ ಹಳ್ಳಿ ತುಳಿಯುವ ನನ್ನ ಪದ್ಧತಿಯನ್ನು ನನ್ನದೇ ಸೈಕಲ್ಲಿನ ಮೇಲೆ ಅವನು ನಡೆಸಿದ್ದ. ಅತನೂರಿನ ರೈತನೊಬ್ಬ, ನಿಮ್ಮ ಸೈಕಲ್ಲು ಬಂದಿತ್ತು, ನಿಮ್ಮ ಮಂದಿಯೇ ಇರಬೇಕೆಂದು ಕೊಟ್ಟೆ ಎಂದ. ನನ್ನ ಹೆಸರಿನ ಮೇಲೆ ನನ್ನದೇ ವ್ಯಾಪಾರ ಕಳೆದೆ. ಸಾಲದ್ದಕ್ಕೆ ಕಾಕಾ ಸೈಕಲ್ಲಿಗೆ ಹೊಸ ಗಂಟೆ ಹಾಕಿಸಿದ್ದ. ಸಂತೆಯ ನಡುವೆ ನನ್ನ ಬೆನ್ನ ಹಿಂದೆ ಬಂದು ಟ್ರಿಣ್ ಎಂದು ಬಾರಿಸಿ, ಹತ್ತು ಮಂದಿಗೆ ಕೇಳುವಂತೆ ವಿಚಾರಿಸುತ್ತಿದ್ದ:

"ಏನೋ ತಮ್ಮಾ, ಬಸ್ಸಿನ್ಯಾಗ ಬಂದ್ಯೇನು? ಸೀಟ್ ಸಿಕ್ಕಿತ್ತೋ, ನಿಂತೇ ಬಂದ್ಯೋ?"

ಒಂದು ಮಧ್ಯಾಹ್ನ, ಸಂತೆಯಿಲ್ಲದ ದಿನ, ಅಕ್ಕನ ಅಂಗಡಿಯಲ್ಲಿ ನೊಣ ಬಿಟ್ಟರೆ ಯಾರೂ ಇರಲಿಲ್ಲ. ಆ ಹೋರಿಯ ಮುಖ ಮತ್ತೊಮ್ಮೆ ನೋಡಬೇಕೆಂದು ಹೋಗಿದ್ದೆ. ಬೇಸರಕ್ಕೆ ಅಕ್ಕನೂ ಸೆರಗು ಸಿಕ್ಕಿಸಿ ಎರಡನೆಯ ರಿಮೋಟು ಹಿಡಿದಳು. ಹೋರಿ ಬರುವ ಮೊದಲೇ ಅವಳ ಆಳು ಮೂರು ಸಲ ಬಿದ್ದ, ಆದರೂ ಮತ್ತೆ ಎದ್ದು ನಿಂತ.

"ನಿಮ್ದೊಂದು ತಗೊಂಡೇನಿ ನೋಡ್ರಿ," ಎಂದಳು. "ನನ್ನವು ಮುಗಿದಿದ್ವು."

ಹೇಗೆ ಎಂದೆ. ಅವಳು ತೋರಿಸಿದಳು. ಪರದೆಯ ಮೇಲಿನ ಎರಡು ಮೂಲೆಯಲ್ಲಿ ಸಣ್ಣ ಸಣ್ಣ ಟೊಪ್ಪಿಗೆಗಳು ಇರುತ್ತವೆ, ಎಡಕ್ಕೆ ಒಬ್ಬನವು, ಬಲಕ್ಕೆ ಇನ್ನೊಬ್ಬನವು. ಅವೇ ಉಳಿದ ಜೀವಗಳು. ತನ್ನವು ತೀರಿದವನು ಎರಡು ಗುಂಡಿ ಕೂಡಿ ಒತ್ತಿದರೆ ಜೊತೆಗಾರನ ಉಳಿಕೆಯಿಂದ ಒಂದು ಇವನಿಗೆ ಬರುತ್ತದೆ. ಕೇಳಬೇಕಾಗಿಲ್ಲ, ಹೇಳಬೇಕಾಗಿಲ್ಲ. ನಾನು ಅಷ್ಟು ದಿನ ಹೋರಿಯನ್ನು ನೋಡಿದ್ದೆನೇ ಹೊರತು ಆ ಮೂಲೆಗೆ ಕಣ್ಣೇ ಹಾಯಿಸಿರಲಿಲ್ಲ.

ರಿಮೋಟು ಕೆಳಗಿಟ್ಟೆ. ಇದು ಕಾಕಾನಿಗೆ ಗೊತ್ತೇ ಎಂದು ಕೇಳಿದೆ. ಮೊದಲ ದಿನವೇ ಕೇಳಿ ಕಲಿತಿದ್ದಾರೆ ಎಂದಳು. ಮತ್ತೆ ನನಗೇಕೆ ಹೇಳಲಿಲ್ಲ ಎಂದಾಗ ಆಕೆಗೇ ಆಶ್ಚರ್ಯ.

"ನೀವಿಬ್ಬರೂ ಟಾವೆಲ್ ಹಾಕ್ಕೊಂಡು ಕುಂತಿದ್ರಿ. ಟಾವೆಲ್ ಕೆಳಗಿನ ವ್ಯವಹಾರಕ್ಕ ನಾ ಯಾಕ ಬಾಯಿ ಹಾಕ್ಲಿ? ನಮ್ಮಪ್ಪನೂ ದಲಾಲಿನೇ ಇದ್ದ."

ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳು ಹೇಳಿದ್ದು ಸಂತೆಯ ಕಾಯಿದೆ.

ಆ ದಿನವೇ ಜೇವರ್ಗಿಗೆ ಹೋಗಿ ಅವನ ಕೊರಳಪಟ್ಟಿ ಹಿಡಿಯಬಹುದಿತ್ತು. ಹಿಡಿದಿದ್ದರೆ ಏನಾಗುತ್ತಿತ್ತು? ಅವನು ನಕ್ಕು, ಆಟವಲ್ಲವೇ ಎನ್ನುತ್ತಿದ್ದ. ನಾಲ್ವರು ಹಿರಿಯರು ಕೂಡಿ ಹೋಗಲಿ ಬಿಡು ಎನ್ನುತ್ತಿದ್ದರು. ಸೈಕಲ್ಲು ಬಂದರೂ ನನ್ನ ಸಿಟ್ಟು ನನ್ನಲ್ಲೇ ಉಳಿಯುತ್ತಿತ್ತು. ನನಗೆ ಬೇಕಾದದ್ದು ಅದಲ್ಲ. ಅವನು ಅವನದೇ ಟವೆಲ್ಲಿನ ಕೆಳಗೆ ಸೋಲಬೇಕು, ಎಲ್ಲರೂ ನೋಡಬೇಕು, ಮೋಸವಾಯಿತು ಎಂದು ಬಾಯಿ ಬಿಡಲು ಅವನಿಗೆ ಬರಬಾರದು.

ಅದಕ್ಕೆ ಮೊದಲು ಹೋರಿ ತಿಳಿಯಬೇಕಿತ್ತು. ಬಿಡುವಾದಾಗಲೆಲ್ಲ ಹೋಗಿ, ರಿಮೋಟು ಮುಟ್ಟದೆ, ಹುಡುಗರು ಆಡುವುದನ್ನು ಹಿಂದೆ ನಿಂತು ನೋಡಿದೆ. ಹೋರಿ ಕಬ್ಬಿಣದ್ದಾದರೇನು, ಹೋರಿಯೇ. ಹಾಯುವ ಮೊದಲು ತಲೆ ತಗ್ಗಿಸುತ್ತಿತ್ತು. ಬೆಂಕಿ ಉಗುಳುವ ಮೊದಲು ಎಡ ಮುಂಗಾಲು ಎತ್ತುತ್ತಿತ್ತು, ಕಣ್ಣು ಬೆಳ್ಳಗಾಗುತ್ತಿತ್ತು. ಮೂರು ಸಲ ಉಗುಳಿ ದಣಿದು ನಿಲ್ಲುತ್ತಿತ್ತು. ನಿಂತಾಗ ಹಣೆಗೆ ಹೊಡೆದರೆ ಮಾತ್ರ ನಾಟುತ್ತಿತ್ತು, ಉಳಿದ ಗುಂಡೆಲ್ಲ ದಂಡ. ಕಾಕಾ ಇದನ್ನು ಕಲಿತೇ ಇರಲಿಲ್ಲ. ಬೇರೆಯವರ ಜೀವದ ಮೇಲೆ ಬದುಕುವವನಿಗೆ ಗೌಡನ ಗುಣ ತಿಳಿದು ಆಗಬೇಕಾದ್ದೇನು?

ಆಳಂದದ ದೊಡ್ಡ ಸಂತೆಯ ದಿನ, ಅಂಗಡಿ ತುಂಬ ದಲ್ಲಾಳಿಗಳು ಕುಳಿತಾಗ ಕಾಕಾನನ್ನು ಕರೆದೆ. ಸೋತರೆ ವರ್ಷವಿಡೀ ಜೇವರ್ಗಿ ಸಂತೆಗೆ ಕಾಲಿಡುವುದಿಲ್ಲ, ಗೆದ್ದರೆ ನನ್ನ ಸೈಕಲ್ಲು ನನಗೆ ಎಂದೆ. ಅವನ ಮೀಸೆಯೇ ನಕ್ಕಿತು. ಟವೆಲ್ಲು ಬೇಡವೇನು ಎಂದು ಛೇಡಿಸಿದ. ಬೇಕೇ ಬೇಕು ಎಂದು ನಾನೇ ಅವನ ಹೆಗಲಿನಿಂದ ತೆಗೆದು ಇಬ್ಬರ ಕೈ ಮೇಲೆ ನೀಟಾಗಿ ಹಾಸಿದೆ.

ಶುರುವಾದ ಕೂಡಲೇ ನನ್ನ ಆಳನ್ನು ತಗ್ಗಿಗೆ ಬೀಳಿಸಿದೆ. ಮತ್ತೊಮ್ಮೆ ಬೀಳಿಸಿದೆ. ಹಿಂದೆ ಕುಳಿತವರು ನಕ್ಕರು, ಇವನಿಗೆ ಬಸ್ಸೇ ಗತಿ ಎಂದರು. ಕಾಕಾ ಸೀಟಿ ಹೊಡೆಯುತ್ತ ಆಡುತ್ತಿದ್ದ. ಮೂರನೆಯದೂ ಬಿತ್ತು. ಟವೆಲ್ಲಿನ ಕೆಳಗೆ ಎರಡು ಗುಂಡಿ ಕೂಡಿ ಒತ್ತಿದೆ. ಎಡ ಮೂಲೆಯಲ್ಲಿದ್ದ ಅವನ ಎರಡು ಟೊಪ್ಪಿಗೆಗಳಲ್ಲಿ ಒಂದು ಕಾಣದಾಯಿತು, ನನ್ನ ಆಳು ಎದ್ದ. ಸೀಟಿ ನಿಂತಿತು. ಅವನ ಮೊಣಕೈ ನನ್ನ ಮೊಣಕೈಗೆ ಗಟ್ಟಿಯಾಗಿ ತಾಗಿತು. ನಾನು ತಿರುಗಲಿಲ್ಲ. ಸ್ವಲ್ಪ ಮುಂದೆ ಹೋಗಿ ಮತ್ತೆ ಬಿದ್ದೆ, ಮತ್ತೆ ಒತ್ತಿದೆ. ಎಡ ಮೂಲೆ ಖಾಲಿ. ಈಗ ಅವನಿಗೂ ಓಡುತ್ತಿರುವ ಒಂದೇ ಜೀವ, ನನಗೂ ಒಂದೇ.

ಆಗ ಹೋರಿ ಬಂತು.

ಎಡಗಾಲು ಎತ್ತಿತು, ಕಣ್ಣು ಬೆಳ್ಳಗಾಯಿತು. ನಾನು ನನ್ನ ಆಳನ್ನು ಹಿಂದೆ ಸರಿಸಿ ನಿಲ್ಲಿಸಿದೆ. ಕಾಕಾ ಅಭ್ಯಾಸದಂತೆ ಎದುರಿಗೇ ನುಗ್ಗಿದ. ಮೊದಲ ಬೆಂಕಿಗೇ ಬಿದ್ದ. ಒತ್ತಿದ. ಏಳಲಿಲ್ಲ. ಮತ್ತೆ ಒತ್ತಿದ. ಬುಟ್ಟಿಯ ಕೆಳಗೆ ಮುಚ್ಚಿಟ್ಟ ಕೋಳಿಯ ಹಾಗೆ ಟವೆಲ್ಲು ಮೇಲೆ ಕೆಳಗೆ ಕುಣಿಯತೊಡಗಿತು. ಅಂಗಡಿಯ ಮಂದಿಯೆಲ್ಲ ಹೋರಿಯನ್ನು ಬಿಟ್ಟು ಟವೆಲ್ಲನ್ನು ನೋಡುತ್ತಿದ್ದರು. ಇಷ್ಟು ಹೊತ್ತು ಅವನು ಒತ್ತುತ್ತಿರುವುದು ಯಾವ ಗುಂಡಿ, ಏತಕ್ಕೆ ಎಂಬುದು ಆಟ ಬಲ್ಲ ನಾಲ್ಕಾರು ಮಂದಿಗಾದರೂ ಹೊಳೆದಿರಬೇಕು. ಎತ್ತಿ ನೋಡುವ ಹಾಗಿಲ್ಲ, ಯಾರೂ ಎತ್ತಲಿಲ್ಲ.

ಪಂದ್ಯ ಅಲ್ಲಿಗೇ ಮುಗಿದಿತ್ತು. ಆದರೆ ಹೋರಿಯ ಜೊತೆ ನನ್ನದೊಂದು ಬೇರೆ ಹಗೆ ಇತ್ತು. ಮೂರನೆಯ ಬೆಂಕಿ ಹೋಗುವತನಕ ಕಾದು, ದಣಿದು ನಿಂತಾಗ ಹಣೆಗೆ ಹೊಡೆದೆ. ಕಾದೆ, ಹೊಡೆದೆ. ಕೊಂಬು ಮುರಿಯಿತು, ಮಂಡಿ ಊರಿತು, ಪರದೆಯೆಲ್ಲ ಬೆಳ್ಳಗಾಯಿತು, ಹೋರಿ ಉರುಳಿತು. ಅಕ್ಕ ಒಲೆಯ ಮೇಲಿನ ಹಾಲು ಉಕ್ಕಿದ್ದನ್ನೂ ನೋಡದೆ ನಿಂತಿದ್ದಳು.

ಕಾಕಾ ನನ್ನ ಕಿವಿಯ ಹತ್ತಿರ ಬಂದು ಹಲ್ಲು ಕಚ್ಚಿ ಕೇಳಿದ:

"ಲೇ, ನನ್ನ ಜೀವ ಎಲ್ಲಿ ಹೋದ್ವಲೇ?"

ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ:

"ಟಾವೆಲ್ ಒಳಗಿನ ಮಾತು ಹೊರಗ ಆಡಬಾರದ್ರೀ ಕಾಕಾ. ನೀವು ಹಿರಿಯರು, ನಿಮಗ ನಾ ಹೇಳಬೇಕೇನ್ರಿ?"

ಕೀಲಿ ಕೈಗೆ ಬಂತು. ಸೈಕಲ್ಲಿನ ಹತ್ತಿರ ಹೋಗಿ ಅಲ್ಲೇ ನಿಂತು ಅವನು ಹಾಕಿಸಿದ ಗಂಟೆ ಬಿಚ್ಚಿದೆ. ಒರೆಸಿ, ಎರಡೂ ಕೈಯಿಂದ ಅವನಿಗೆ ಕೊಟ್ಟೆ. ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಬಾರಿಸಿರಿ, ಯಾರಾದರೂ ಎದ್ದು ಕೊಟ್ಟಾರು ಎಂದೆ. ಆ ದಿನ ಆಳಂದದಿಂದ ಜೇವರ್ಗಿಯ ತನಕ ಅವನು ಆ ಗಂಟೆ ಕೈಯಲ್ಲಿ ಹಿಡಿದು ನಿಂತೇ ಹೋದನೆಂದು ಆಮೇಲೆ ಕೇಳಿದೆ. ಇಂದಿಗೂ ಅದನ್ನು ನೆನೆದರೆ ಊಟ ಎರಡು ತುತ್ತು ಹೆಚ್ಚು ಸೇರುತ್ತದೆ. ಮುಂದಿನ ವಾರ ಜೇವರ್ಗಿ ಸಂತೆಯ ಹಿಂದಿನ ದಿನವೇ ಅವನ ಊರ ಸುತ್ತಿನ ಹಳ್ಳಿಗಳನ್ನೆಲ್ಲ ತುಳಿದು ಮುಗಿಸಿದೆ. ಬೇವಿನ ನೆರಳು ಅವನಿಗೇ ಇತ್ತು, ತೋರಿಸಲು ಎತ್ತು ಇರಲಿಲ್ಲ.

ಓದುವವರಿಗೆ ನಾನು ಹೇಳುವುದಿಷ್ಟು. ದೊಡ್ಡವನು ಎದುರು ಬಂದಾಗ ಮೊದಲ ಸಲ ಗೆಲ್ಲಲು ಹೋಗಬೇಡಿ, ಅವನು ಯಾವ ಕಾಲು ಎತ್ತಿ ಹಾಯುತ್ತಾನೆ ಎಂದು ದೂರ ನಿಂತು ನೋಡಿಕೊಳ್ಳಿ. ಪಾಲುದಾರನ ಸಂಗಡ ಕುಳಿತರೆ ಎದುರಿನ ಶತ್ರುವಿಗಿಂತ ಮೂಲೆಯ ಟೊಪ್ಪಿಗೆಗಳ ಮೇಲೆ ಹೆಚ್ಚು ಕಣ್ಣಿಡಿ, ಯಾರದು ಎಷ್ಟು ಉಳಿದಿದೆ ಎಂಬುದು ಅಲ್ಲೇ ಇರುತ್ತದೆ. ಮೋಸ ತಿಳಿದ ದಿನವೇ ಕೂಗಾಡಬೇಡಿ, ಕೂಗಿದರೆ ಸಿಗುವುದು ಸಮಾಧಾನದ ಮಾತು ಮಾತ್ರ. ಸೈಕಲ್ಲಿಗೆ ಬೀಗ ಹಾಕಿ. ಮತ್ತೆ, ಬೇರೆಯವನು ಹಾಸಿದ ಟವೆಲ್ಲಿನ ಕೆಳಗೆ ಕೈ ಇಡುವ ಮೊದಲು, ಆ ಟವೆಲ್ಲು ನಿಮ್ಮ ಕೈಯನ್ನೂ ಅಷ್ಟೇ ಚೆನ್ನಾಗಿ ಮುಚ್ಚುತ್ತದೆಯೇ ಎಂದು ಒಮ್ಮೆ ಎಳೆದು ನೋಡಿ.