ಚೀಟಿಯಲ್ಲಿ ಬಂದ ಕೋಣೆ

ಗಂಡನ ಜತೆ ಈ ಪರದೇಶದ ಹಳ್ಳಿಗೆ ಬಂದಾಗ ಟೈಲರ್ ಅಕ್ಕನಿಗೆ ಮೂವತ್ತು ವರ್ಷ. ಪಾಳುಬಿದ್ದಿದ್ದ ತೋಟದಮನೆಯೊಂದನ್ನು ಒಂಬತ್ತು ಜನ ಸೇರಿ ರಿಪೇರಿ ಮಾಡಿ, ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಬದುಕತೊಡಗಿದರು. ಯಾವ ಕೋಣೆಯೂ ಯಾರೊಬ್ಬರ ಸ್ವತ್ತಾಗಬಾರದು, ವರ್ಷಕ್ಕೊಮ್ಮೆ ಚೀಟಿ ಎತ್ತಿ ಬದಲಾಯಿಸಿಕೊಳ್ಳಬೇಕು ಎಂಬ ನಿಯಮ ತಂದವಳು ಅವಳೇ. ಹನ್ನೆರಡು ವರ್ಷದ ಹಿಂದೆ, ತನ್ನ ತಾಯಿ ತೀರಿಕೊಂಡ ಕೋಣೆಯಲ್ಲೇ ಇರುತ್ತೇನೆಂದು ಅವರಲ್ಲೊಬ್ಬನಾದ ತೋಟ ನೋಡಿಕೊಳ್ಳುವವನು ಅಂಗಲಾಚಿದ್ದ. "ನಿಯಮ ಅಂದ್ರೆ ನಿಯಮ ಕಣಪ್ಪಾ" ಎಂದುಬಿಟ್ಟಿದ್ದಳು.

ಈ ವರ್ಷ ಚೀಟಿಯ ದಿನ ಬಂದಾಗ ಅವಳ ಗಂಡ ತೀರಿಹೋಗಿ ಹತ್ತೊಂಬತ್ತು ದಿನವಾಗಿತ್ತು. ಇಬ್ಬರೂ ಇದ್ದ ಕೆಳಗಿನ ಕೋಣೆಯಲ್ಲಿ, ಅವನು ಒರಗಿ ಕೂರುತ್ತಿದ್ದ ಗೋಡೆಯ ಮೇಲೆ ತಲೆಯೆಣ್ಣೆಯ ಕಲೆ ಹಾಗೇ ಇತ್ತು. ಹಾಸಿಗೆಯಾದರೆ ಹೊತ್ತೊಯ್ಯಬಹುದು, ಗೋಡೆಯನ್ನು ಹೇಗೆ?

"ಅಕ್ಕನ ಕೋಣೆ ಬಿಟ್ಟು ಉಳಿದದ್ದಕ್ಕೆ ಎತ್ತೋಣ" ಎಂದವನು ತೋಟದವನೇ. ಎಲ್ಲರೂ ತಲೆಯಾಡಿಸಿದರು.

"ಬೇಡಪ್ಪಾ. ನಿಂಗೊಂದು ನ್ಯಾಯ, ನಂಗೊಂದು ನ್ಯಾಯವಾ?" ಎಂದು, ಅವನ ಮುಖ ನೋಡಲಾಗದೆ ಚೀಟಿಯ ಡಬ್ಬಿಗೆ ಕೈಹಾಕಿದಳು. ಅವಳಿಗೆ ಮಹಡಿಯ ಕೋಣೆ ಬಂತು. ಕೆಳಗಿನದು ಒಂಬತ್ತು ಜನರಲ್ಲೊಬ್ಬನಾದ ಬಡಗಿಯ ಪಾಲಾಯಿತು.

ಮಾರನೆಯ ಬೆಳಿಗ್ಗೆ ಎರಡು ಲೋಟ ಟೀ ಹಿಡಿದು, ಗಂಡನಿದ್ದಾಗಿನ ರೂಢಿಯಂತೆ ಹಳೆಯ ಕೋಣೆಯ ಬಾಗಿಲನ್ನು ಮೊಣಕೈಯಿಂದ ತಳ್ಳಿದಳು. ಬಡಗಿ ಶೂ ಕಟ್ಟಿಕೊಳ್ಳುತ್ತಿದ್ದ.

"ಅಯ್ಯೋ ಅಕ್ಕಾ, ಎರಡೂ ನಂಗೇನಾ? ಹೊಟ್ಟೆ ಇರೋದು ಒಂದೇ!"

"ಹೂಂ, ಎರಡೂ ನಿಂಗೇ. ಕುಡಿ" ಎಂದು ಲೋಟಗಳನ್ನು ಅವನ ಪಕ್ಕದಲ್ಲಿಟ್ಟು, ಕಣ್ಣು ತುಂಬಿ ಬರುವ ಮೊದಲೇ ಬಾಗಿಲು ಎಳೆದುಕೊಂಡಳು.