ಮಸೀನಾಳ ರಕ್ತದ ಅಂಕಿ

ನಮ್ಮ ಮಸೀನಾಳಿಗೆ ಅನುಮಾನ ಹುಟ್ಟುಗುಣ. ಅಂಗಡಿಯಲ್ಲಿ ಮೊಹರು ಒಡೆಯದ ಡಬ್ಬಿಮೀನನ್ನೂ ಮೂಸಿ ನೋಡಿಯೇ ಕೊಳ್ಳುವವಳು. ನಾವು ಹೆಂಗಸರು ಚಾಪೆ ಹೆಣೆಯಲು ಕೂತಾಗ ಯಾರಾದರೂ ಮೆಲ್ಲಗೆ ನಕ್ಕರೆ ಸಾಕು, "ಏನ್ರೇ, ನನ್ ವಿಷಯಾನಾ?" ಎಂದು ಮುಖ ಸಿಂಡರಿಸುತ್ತಿದ್ದಳು. ಆದರೂ ಸವಾಯಿ ದ್ವೀಪದ ನಮ್ಮ ಕಡೆ ಅಷ್ಟು ನಯವಾದ ಚಾಪೆ ಹೆಣೆಯುವವರು ಇನ್ನೊಬ್ಬರಿಲ್ಲ, ಒಪ್ಪಲೇಬೇಕು.

ಅವಳ ಇಬ್ಬರು ತಮ್ಮಂದಿರೂ ನಲವತ್ತು ದಾಟುವ ಮೊದಲೇ ಲಕ್ವ ಹೊಡೆದು ತೀರಿಕೊಂಡಿದ್ದರು. ಕಿರಿಯವನ ಹೆಂಡತಿ ಸಿಲೀಪಾ ಗಂಡ ಸತ್ತ ಮೇಲೂ ತವರಿಗೆ ಹೋಗದೆ ಅತ್ತಿಗೆಯ ಜೊತೆಗೇ ಉಳಿದಳು. ಮನೆಯ ಅಡುಗೆಯೆಲ್ಲ ಅವಳದೇ; ಕೆಸುವಿನ ಎಲೆಯಲ್ಲಿ ತೆಂಗಿನ ಹಾಲು ಕಟ್ಟಿ ಸುಡುವುದರಲ್ಲಿ ಅವಳದು ಎತ್ತಿದ ಕೈ.

ರಾಜಧಾನಿ ಆಪಿಯಾದಿಂದ ಬಂದ ಡಾಕ್ಟರಮ್ಮ ಮಸೀನಾಳಿಗೆ ಹೇಳಿದರು: "ನಿಮ್ಮ ರಕ್ತದಲ್ಲಿ ಹೋಮೋಸಿಸ್ಟೀನ್ ಅನ್ನೋ ಅಂಶ ಎಷ್ಟಿದೆ ನೋಡೋಣ. ಜಾಸ್ತಿ ಇದ್ರೆ ರಕ್ತ ಹೆಪ್ಪುಗಟ್ಟೋ ಭಯ. ತಮ್ಮಂದಿರಿಗೂ ಅದೇ ಆಗಿತ್ತೋ ಏನೋ."

ನರ್ಸು ಮನೆಗೇ ಬಂದು ರಕ್ತ ತೆಗೆದಳು. ಕೊಳವೆಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು, ಮಧ್ಯಾಹ್ನದ ಬಸ್ಸಿನಲ್ಲಿ ಆಪಿಯಾದ ಹಡಗಿಗೆ ಕಳಿಸಿ ಎಂದು ಹೇಳಿ ಹೋದಳು. ಅವಳು ಹೋದದ್ದೇ ತಡ, ಪಾದ್ರಿಗಳು ಬಂದರು. ಪಾದ್ರಿಗಳಿಗೆ ಬೆಚ್ಚಗಿನ ಎಳನೀರು ಕೊಟ್ಟು ಕಳಿಸುವ ಮನೆ ನಮ್ಮೂರಲ್ಲಿ ಉಂಟೇ? ಮಸೀನಾ ಪೆಟ್ಟಿಗೆ ತೆಗೆದು ಐಸನ್ನೆಲ್ಲ ಲೋಟಗಳಿಗೆ ಸುರಿದಳು.

"ಅಯ್ಯೋ, ರಕ್ತದ ಪೆಟ್ಟಿಗೇದು ಕಣೇ!" ಎಂದೆ.

"ಕೊಳವೆ ಮುಚ್ಚಳ ಭದ್ರವಾಗಿದೆ, ಸುಮ್ನಿರು."

ಪಾದ್ರಿಗಳು ಎರಡು ಲೋಟ ಕುಡಿದರು. ನಾನೂ ಕುಡಿದೆ, ತಣ್ಣಗಿತ್ತು. ಕೊಳವೆಯೊಂದೇ ಉಳಿದ ಪೆಟ್ಟಿಗೆ ಬಿಸಿಲಿನಲ್ಲಿ ಬಸ್ಸು ಹತ್ತಿತು.

ಫಲಿತಾಂಶ ಬಂದಾಗ ಅಂಕಿ ಇರಬೇಕಾದುದಕ್ಕಿಂತ ಎರಡು ಪಟ್ಟು. "ಮೂತ್ರಪಿಂಡ ಸರಿ ಇಲ್ದಿದ್ರೂ ಏರುತ್ತೆ, ಊಟದಲ್ಲಿ ಏನಾದ್ರೂ ಕಮ್ಮಿ ಆದ್ರೂ ಏರುತ್ತೆ" ಎಂದು ನರ್ಸು ಬಾಯಿ ಮುಚ್ಚುವುದರೊಳಗೆ ಮಸೀನಾಳ ಕಣ್ಣು ಕೆಂಪಾಯಿತು.

"ಊಟಾನಾ? ಯಾರ ಕೈ ಊಟ? ನನ್ ತಮ್ಮಂದಿರ್ನ ತಿಂದವಳು ಇವಳೇ!" ಎಂದು ಸಿಲೀಪಾಳತ್ತ ಕೈ ತೋರಿಸಿದಳು.

"ಅಲ್ಲ ಕಣೇ, ದೊಡ್ಡವನು ಸತ್ತಿದ್ದು ಆಕ್ಲೆಂಡಲ್ಲಿ. ಅಲ್ಲಿಗೂ ಇವಳು ಪಾತ್ರೆ ಹೊತ್ಕೊಂಡು ಹೋಗಿದ್ಲಾ?" ಎಂದೆ.

"ನೀನೂ ಅವಳ ಕಡೆಯವಳೇ!"

ಊರೆಲ್ಲ ನೋಡುತ್ತಿರುವಾಗಲೇ ಸಿಲೀಪಾಳ ಬಟ್ಟೆಗಂಟನ್ನು ರಸ್ತೆಗೆ ಎಸೆದು, "ವಿಷ ಹಾಕೋಳು" ಎಂದು ಕಿರುಚಿದಳು. ಸಿಲೀಪಾ ಗಂಟೆತ್ತಿಕೊಂಡು ತವರಿನ ಬಸ್ಸು ಹತ್ತಿದಳು.

ಮತ್ತೊಮ್ಮೆ ನೋಡಬೇಕೆಂದು ಡಾಕ್ಟರಮ್ಮ ಆಪಿಯಾಕ್ಕೆ ಕರೆಸಿಕೊಂಡರು. ಅಲ್ಲೇ ರಕ್ತ ತೆಗೆದು, ಅಲ್ಲೇ ತಣ್ಣಗಿಟ್ಟು, ಕೂಡಲೇ ಕೆಲಸ ಮುಗಿಸಿದರು. ಅಂಕಿ ಸರಿಯಾಗಿಯೇ ಇತ್ತು.

"ಮೊದಲ ಸಲ ಐಸ್ ಇತ್ತು ತಾನೇ?" ಡಾಕ್ಟರಮ್ಮ ಕೇಳಿದರು. "ಬೆಚ್ಚಗೆ ಬಿಟ್ರೆ ರಕ್ತಕಣಗಳೇ ಅದನ್ನ ಹೊರಗೆ ಬಿಡ್ತಾ ಹೋಗ್ತವೆ. ಅಂಕಿ ಸುಳ್ಳೇ ಏರುತ್ತೆ."

ಮಸೀನಾ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಇಂಥ ತಪ್ಪಿಗೆ ನಮ್ಮಲ್ಲಿ ಬಾಯಿಮಾತಿನ ಕ್ಷಮೆ ಸಾಲದು. ತನ್ನ ಕೈಯ ಅತಿ ನಯವಾದ ಚಾಪೆಯನ್ನು ತಲೆಯ ಮೇಲಿಂದ ಹೊದ್ದು ಮಸೀನಾ ಸಿಲೀಪಾಳ ತವರಿನ ಅಂಗಳದಲ್ಲಿ ಕೂತಳು. ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದಂತೆ, ಎತ್ತದಿದ್ದರೆ ಇಲ್ಲ. ನಾನು ಪಕ್ಕದಲ್ಲಿ ಕೂತೆ. ಬಿಸಿಲೇರಿತು.

"ಒಳಗೇನೋ ಪಿಸುಗುಡ್ತಿದಾರೆ" ಎಂದಳು ಚಾಪೆಯೊಳಗಿಂದ. "ಅವಳ ಅಣ್ಣಂದಿರು ಕೋಲು ಹಿಡ್ಕೊಂಡಿದಾರಾ ನೋಡೇ."

"ಬಾಯ್ಮುಚ್ಕೊಂಡು ಕೂತ್ಕೋ!"

ಸಿಲೀಪಾ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಚಾಪೆ ಮುಟ್ಟಲಿಲ್ಲ. ಆಪಿಯಾದ ಫಲಿತಾಂಶ ಅವಳ ಕಿವಿಗೂ ಬಿದ್ದಿತ್ತು.

"ಅತ್ತಿಗೇ, ಒಂದೇ ಮಾತು ಕೇಳ್ತೀನಿ. ಎರಡನೇ ಸಲಾನೂ ಅಂಕಿ ಜಾಸ್ತೀನೇ ಬಂದಿದ್ರೆ, ನೀವು ಬರ್ತಿದ್ರಾ?"

ಬರುತ್ತಿದ್ದೆ ಅನ್ನು ಎಂದು ನಾನು ಮಸೀನಾಳ ತೊಡೆ ಚಿವುಟಿದೆ.

"ಇಲ್ಲ" ಎಂದಿತು ಚಾಪೆಯೊಳಗಿನ ದನಿ.

ಸಿಲೀಪಾ ಎರಡೂ ಕೈಯಿಂದ ಚಾಪೆ ಎತ್ತಿದಳು. ಬೆವರಿಗೆ ಅಂಟಿದ ಅತ್ತಿಗೆಯ ಕೂದಲನ್ನು ಹಿಂದಕ್ಕೆ ಸರಿಸಿದಳು.

"ನಿಜ ಹೇಳಿದ್ರಿ, ಅದಕ್ಕೇ ಎತ್ತಿದೆ. ಕ್ಷಮಿಸಿದೀನಿ. ಆದ್ರೆ ಆ ಮನೆಗೆ ನಾನಿನ್ನು ಬರಲ್ಲ ಅತ್ತಿಗೆ."

ವಾಪಸು ಬರುವ ಬಸ್ಸಿನಲ್ಲಿ ಮಸೀನಾ ದಾರಿಯುದ್ದಕ್ಕೂ ಅತ್ತಳು.