ಒಂದೇ ಲಕ್ಷದ ಪಾಲಿಸಿ

ಕಲ್ಯಾಣದುರ್ಗದ ಡಾಕ್ಟರೊಬ್ಬರ ಹತ್ತಿರ ನಾನು ಒಂಬತ್ತು ವರ್ಷ ನರ್ಸಾಗಿದ್ದೆ. ಮೂಳೆ ಮುರಿದವರಿಗೆ ಪ್ಲಾಸ್ಟರ್ ಹಾಕಿ, ಬಿಳಿಯಾದ ಅಂಗೈಗಳನ್ನು ಪ್ಯಾಂಟಿಗೇ ಒರೆಸಿಕೊಳ್ಳುತ್ತ, "ನೋವಿದ್ರೆ ಎಲ್ಡು ದಿನ ತಡ್ಕೊಬೇಕು ಕಣಮ್ಮ" ಎನ್ನುವುದು ಅವರ ರೂಢಿ.

ಬಲಗೈ ಮುರಿದುಕೊಂಡು ಕುಂದುರ್ಪಿಯಿಂದ ಬಂದ, ಬಟ್ಟೆ ಹೊಲಿಯುವ ಹೆಂಗಸಿಗೂ ಹಾಗೇ ಹೇಳಿದರು. ಆಕೆ ತಡೆದುಕೊಂಡಳು. ಕಟ್ಟು ಬಿಗಿಯಾಗಿತ್ತು. ಬಿಚ್ಚಿದಾಗ ಬಲಗೈ ಬೆರಳುಗಳಲ್ಲಿ ಜೀವವಿರಲಿಲ್ಲ.

"ತಪ್ಪು ನಂದೇ. ಆಯಮ್ಮಂಗೆ ಹೋಗಿ ಹೇಳ್ಬುಡ್ತೀನಿ" ಎಂದು ಡಾಕ್ಟರು ಹೊರಟರು. ಇಂಥ ತಪ್ಪುಗಳ ಪರಿಹಾರಕ್ಕೆಂದು ಅವರು ಪಾಲಿಸಿ ಮಾಡಿಸಿದ್ದ ವಿಮಾ ಕಂಪನಿಯ ವಕೀಲರು ತಡೆದರು. ತಪ್ಪೊಪ್ಪಿಕೊಂಡರೆ ಪಾಲಿಸಿಯಿಂದ ಬಿಡಿಗಾಸೂ ಬರುವುದಿಲ್ಲ ಎಂದರು. ಆಕೆ ಅನಂತಪುರದಲ್ಲಿ ಕೇಸು ಹಾಕಿದಳು. ಐದು ವರ್ಷ ವಾಯಿದೆ ಮೇಲೆ ವಾಯಿದೆ ಬಿತ್ತು. ಕೊನೆಗೆ ಆಕೆಗೆ ಒಂದು ಲಕ್ಷ ಕೊಡಬೇಕೆಂದು ತೀರ್ಪಾಯಿತು. ಪಾಲಿಸಿಯೂ ಒಂದು ಲಕ್ಷದ್ದೇ. ಆದರೆ ವಕೀಲರ ಫೀಸು, ಸಾಕ್ಷಿ ಹೇಳಲು ಬಂದ ತಜ್ಞರ ಖರ್ಚು ಎಲ್ಲವನ್ನೂ ಅದರಲ್ಲೇ ಮುರಿದುಕೊಳ್ಳುತ್ತಾರೆಂದು ನಮಗೆ ಗೊತ್ತಾದದ್ದು ಆಗಲೇ. ಉಳಿದದ್ದು ಹನ್ನೊಂದು ಸಾವಿರ.

ಮಿಕ್ಕದ್ದನ್ನು ಕೈಯಿಂದ ಕೊಡಲು ಡಾಕ್ಟರು ಎಕ್ಸ್‌ರೇ ಯಂತ್ರ ಮಾರಿದರು. ಅರ್ಧವೂ ಆಗಲಿಲ್ಲ. ಆಕೆಯನ್ನು ಕರೆಸಿ, ಬೆಂಚಿನ ಮೇಲೆ ಪಕ್ಕದಲ್ಲೇ ಕೂತು ಎಲ್ಲ ಹೇಳಿದರು.

"ನನ್ ಕೈಗೆ ಅಂತಿದ್ದ ದುಡ್ಡು ಏನಾಯ್ತು ಸಾರ್?" ಎಂದಳು ಆಕೆ.

"ನೀನು ಹೇಳೋದು ಸುಳ್ಳು ಅಂತ ವಾದ ಮಾಡೋಕೇ ಖರ್ಚಾಗೋಯ್ತು ಕಣಮ್ಮ."

ಆಕೆ ಅಳಲಿಲ್ಲ. ಕುಂದುರ್ಪಿ ಬಸ್ಸು ಎಷ್ಟೊತ್ತಿಗೆ ಎಂದು ನನ್ನನ್ನು ಕೇಳಿದಳು.

ಆಮೇಲೆ ಡಾಕ್ಟರು ಮೂಳೆ ಮುರಿದವರನ್ನು ಮುಟ್ಟಲಿಲ್ಲ. ಯಾರೇ ಬಂದರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲಲ್ಲೇ ನಿಂತು, "ಹಿಂದೂಪುರದ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗಿ" ಎನ್ನುತ್ತಿದ್ದರು.